ಬಲ್ಬಿಗೆ ಬಂದ ಗಂಡಿರುವೆ

ಮಂಗಳೂರು ಅಂದಕೂಡಲೇ ಕಡಲು, ಬಂದರು, ಗೋಳಿಬಜೆ ನೆನಪಾಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಇದು ಆ ಮಂಗಳೂರಲ್ಲ, ಕೊಪ್ಪಳ ಜಿಲ್ಲೆಯ ಮಂಗಳೂರು. ಮೊದಲು ಯಲಬುರ್ಗಾ ತಾಲೂಕಿನಲ್ಲಿದ್ದ ಊರು, ಕುಕನೂರು ಹೊಸ ತಾಲೂಕಾದ ಮೇಲೆ ಅದರ ಪಾಲಿಗೆ ಬಂತು. ಒಂದು ಕಡೆ ಎರಿಹೊಲ, ಇನ್ನೊಂದು ಕಡೆ ಮಸಾರಿ. ಎರಿಯಲ್ಲಿ ಜೋಳ, ಕಡಲೆ. ಮಸಾರಿಯಲ್ಲಿ ಸಜ್ಜೆ, ಶೇಂಗಾ. ಇಲ್ಲಿ ಕಡಲೂ ಇಲ್ಲ, ದೊಡ್ಡ ಹೊಳೆಯೂ ಇಲ್ಲ. ಬೇಸಿಗೆಯ ಮೂರು ತಿಂಗಳು ನೆಲ ಹಂಚಿನ ಹಾಗೆ ಕಾದಿರುತ್ತದೆ. ಹಾಗಾಗಿ ಮಿರಗದ ಮಳೆ ಬಿತ್ತೆಂದರೆ ಮನುಷ್ಯರಿಗೆ ಹೇಗೋ ಹಾಗೆಯೇ ನೆಲದೊಳಗಿನ ಜೀವಗಳಿಗೂ ಅದು ಹಬ್ಬ.

ಅಂಥ ಒಂದು ರಾತ್ರಿ ನಾನು ದೊಡ್ಡಪ್ಪನ ಮನೆಯಲ್ಲಿದ್ದೆ. ಹೊತ್ತು ಮುಳುಗುವಾಗ ಶುರುವಾದ ಮಳೆ ಊಟದ ಹೊತ್ತಿಗೆ ನಿಂತಿತ್ತು. ಹೋದ ಕರೆಂಟು ಮರಳಿ ಬಂದಿತ್ತು. ಮಾಳಿಗೆಯ ದೋಣಿಯಿಂದ ಇನ್ನೂ ತೊಟ್ಟಿಕ್ಕುತ್ತಿದ್ದ ನೀರು ಅಂಗಳದ ಕಲ್ಲಿನ ಮೇಲೆ ಒಂದೇ ಲಯದಲ್ಲಿ ಬೀಳುತ್ತಿತ್ತು. ಹಳ್ಳದ ಕಡೆಯಿಂದ ಕಪ್ಪೆಗಳ ದನಿ. ದಂದಕ್ಕಿಯೊಳಗೆ ಎತ್ತುಗಳು ತಲೆ ಕೊಡವಿದಾಗೊಮ್ಮೆ ಗೆಜ್ಜೆಯ ಸದ್ದು. ಹೊರಗಿನ ಕಟ್ಟೆಯ ಮೇಲೆ ಉರಿಯುತ್ತಿದ್ದ ಒಂದೇ ಬಲ್ಬಿಗೆ ಊರ ಸುತ್ತಲಿನ ನೆಲವೆಲ್ಲ ತನ್ನ ಹುಳಗಳನ್ನು ಕಳಿಸಿಕೊಟ್ಟ ಹಾಗಿತ್ತು.

ಮೊದಲು ಬಂದವು ರೆಕ್ಕೆಯ ಗೆದ್ದಲು. ನೂರಾರು. ಗೋಡೆಗೆ ಬಡಿದು, ನೆಲಕ್ಕೆ ಬಿದ್ದು, ರೆಕ್ಕೆ ಕಳಚಿ, ಜೋಡಿ ಜೋಡಿಯಾಗಿ ಒಂದರ ಹಿಂದೆ ಒಂದು ಓಡತೊಡಗಿದವು. ದೊಡ್ಡವ್ವ ಎಂದಿನಂತೆ ಬಲ್ಬಿನ ಕೆಳಗೆ ಒಂದು ಬೋಗುಣಿ ನೀರು ತಂದಿಟ್ಟಳು. ನೀರಿನಲ್ಲಿ ಕಾಣುವ ಬೆಳಕಿಗೆ ಮರುಳಾಗಿ ಹುಳಗಳು ಅದರೊಳಗೇ ಬೀಳುತ್ತವೆ, ಪಡಸಾಲೆಗೆ ನುಗ್ಗುವುದು ತಪ್ಪುತ್ತದೆ. ಗೋಡೆಯ ಮೇಲೆ ಎರಡು ಹಲ್ಲಿಗಳು ಆಗಲೇ ಹೊಟ್ಟೆ ಬಿರಿಯುವಷ್ಟು ತಿಂದು ಸುಮ್ಮನೆ ಕೂತಿದ್ದವು. ಕಟ್ಟೆಯ ಮೂಲೆಯಲ್ಲಿ ಒಂದು ಗೊರವನಕಪ್ಪೆ ಕದಲದೆ ಕೂತು, ಹತ್ತಿರ ಬಂದ ಹುಳವನ್ನಷ್ಟೇ ನಾಲಿಗೆಗೆ ತೆಗೆದುಕೊಳ್ಳುತ್ತಿತ್ತು.

ಅಷ್ಟರಲ್ಲಿ ಗುಂಯ್ ಎಂದು ದಪ್ಪ ದನಿ ಮಾಡುತ್ತ ಏನೋ ಒಂದು ಬಂದು ಬಲ್ಬಿಗೆ ಟಕ್ಕನೆ ಹೊಡೆಯಿತು. ಬಿತ್ತು. ಮತ್ತೆ ಎದ್ದು ಗೋಡೆಗೆ ಹೊಡೆದು ದೊಡ್ಡಪ್ಪನ ಮೊಮ್ಮಗಳ ಲಂಗದ ಮೇಲೆ ಬಿತ್ತು. ಆಕೆ ಕಿರುಚಿದಳು.

"ಕಾಕಾ, ಕಣಜ! ಕಡಿತೈತಿ, ತಗೀ!"

ತೆಗೆದೆ. ಬೆರಳ ನಡುವೆ ಹಿಡಿದಾಗಲೇ ಅದು ಬೇರೆ ಏನೋ ಎಂದು ತಿಳಿಯಿತು. ಕಣಜದ ಬಿಗಿ ಅದಕ್ಕಿರಲಿಲ್ಲ, ಗಟ್ಟಿ ಚಿಪ್ಪಿನ ದುಂಬಿಯೂ ಅಲ್ಲ. ಮೈ ಪೂರ್ತಿ ನವಿರಾದ ಕೂದಲು, ಮಖಮಲ್ಲು ಮುಟ್ಟಿದ ಹಾಗೆ. ಬೆಲ್ಲದ ಪಾಕದಂಥ ಕಂದು ಬಣ್ಣ. ಎರಡು ಸೆಂಟಿಮೀಟರಿನ ಆಸುಪಾಸಿನ ಉದ್ದ. ಹೊಟ್ಟೆಯಂತೂ ಒಂದು ಉದ್ದನೆಯ ಕಡುಬಿನ ಹಾಗೆ, ತುದಿ ಸ್ವಲ್ಪ ಕೆಳಕ್ಕೆ ಬಾಗಿದ್ದು, ಹಿಡಿದ ಬೆರಳಿಗೆ ಅದನ್ನು ಒತ್ತಿ ಒತ್ತಿ ನೋಡುತ್ತಿತ್ತು. ಕುಟುಕಲು ಹವಣಿಸುತ್ತಿದೆ ಎಂದೇ ಯಾರಿಗಾದರೂ ಅನ್ನಿಸಬೇಕು. ಆದರೆ ಅಲ್ಲಿ ಮುಳ್ಳಿರಲಿಲ್ಲ.

"ಇದು ಇರುವಿ, ದೊಡ್ಡಪ್ಪಾ," ಅಂದೆ. "ಗಂಡಿರುವಿ."

ದೊಡ್ಡಪ್ಪ ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ ನೋಡಿದರು. ಎಪ್ಪತ್ತು ದಾಟಿದ ಕಣ್ಣು. ಹೊಲದಲ್ಲಿ ಅವರು ಕಾಣದ ಹುಳವಿಲ್ಲ. "ಇಷ್ಟ ದೊಡ್ಡ ಇರುವಿ ಎಲ್ಲಿರತೈತೋ ತಮ್ಮಾ? ಇದು ಮಳಿಹುಳ. ವರ್ಷಾ ಬರತಾವು, ಮುಂಜಾನೆ ಕಸದಾಗ ಸತ್ತು ಬಿದ್ದಿರತಾವು."

ಅವರ ಸಂಶಯಕ್ಕೆ ದೊಡ್ಡ ಪರಂಪರೆಯೇ ಇದೆ. ಜೀವಿಗಳಿಗೆ ಹೆಸರಿಡುವ ಪದ್ಧತಿಯನ್ನು ಜಗತ್ತಿಗೆ ಕೊಟ್ಟ ಸ್ವೀಡನ್ನಿನ ಲಿನೇಯಸ್ ಈ ಹುಳದ್ದೇ ಕುಲದ ಒಂದು ಆಫ್ರಿಕಾದ ಗಂಡನ್ನು 1764ರಲ್ಲಿ ವರ್ಣಿಸುವಾಗ ಅದನ್ನು ಸೇರಿಸಿದ್ದು ಇರುವೆಗಳ ಗುಂಪಿಗಲ್ಲ, ಕಣಜಗಳ ಗುಂಪಿಗೆ. ಮಂಗಳೂರಿನ ಹತ್ತು ವರ್ಷದ ಹುಡುಗಿ ಕಿರುಚಿಕೊಂಡು ಹೇಳಿದ ಹೆಸರನ್ನೇ ಆತ ಲ್ಯಾಟಿನ್‌ನಲ್ಲಿ ಬರೆದಿದ್ದ.

ಒಂದು ಗಾಜಿನ ಲೋಟದೊಳಗೆ ಹಾಕಿ, ಮೇಲೆ ತಾಟು ಮುಚ್ಚಿ, ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟೆವು. ತಂಪಿಗೆ ಹುಳ ಮರಗಟ್ಟಿದಂತಾಗಿ ಸುಮ್ಮನಾಗುತ್ತದೆ, ಸಾಯುವುದಿಲ್ಲ. ಆಮೇಲೆ ಒಂದು ಬಿಳಿ ಬಸಿಯಲ್ಲಿ ಮಲಗಿಸಿ, ನಾನು ಜೇಬಿನಲ್ಲಿ ಇಟ್ಟುಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿ ತೆಗೆದೆ. ಹುಡುಗಿಯ ಹೆದರಿಕೆ ಅಷ್ಟು ಹೊತ್ತಿಗೆ ಹೋಗಿತ್ತು. ಮೊಬೈಲಿನ ಬೆಳಕು ಹಿಡಿಯುವ ಕೆಲಸ ತನ್ನದೆಂದು ಕೂತಳು.

ಮೊದಲು ಸೊಂಟ. ಇದು ಇರುವೆಯೋ ಅಲ್ಲವೋ ಎಂಬುದಕ್ಕೆ ಉತ್ತರ ಅಲ್ಲಿದೆ. ಎದೆಗೂ ಹೊಟ್ಟೆಗೂ ನಡುವೆ ಒಂದು ಗಂಟು, ಎರಡೂ ಬದಿ ಕಿರಿದಾಗಿ, ಹಗ್ಗಕ್ಕೆ ಹಾಕಿದ ಗಂಟಿನಂತೆ ಬೇರೆಯಾಗಿ ಕಾಣಬೇಕು. ಕೆಲವು ಇರುವೆಗಳಿಗೆ ಇಂಥ ಗಂಟು ಒಂದು, ಕೆಲವಕ್ಕೆ ಎರಡು. ಪಕ್ಕದಲ್ಲೇ ಬಿದ್ದಿದ್ದ ಗೆದ್ದಲನ್ನು ಇದರ ಜೊತೆಗಿಟ್ಟು ಹುಡುಗಿಗೆ ತೋರಿಸಿದೆ. ಗೆದ್ದಲಿಗೆ ಸೊಂಟವೇ ಇಲ್ಲ, ಎದೆ ಹೊಟ್ಟೆ ಒಂದೇ ಅಗಲ. ಅದರ ನಾಲ್ಕೂ ರೆಕ್ಕೆ ಒಂದೇ ಅಳತೆ. ಇರುವೆಯ ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು. ಗೆದ್ದಲಿನ ಮೀಸೆ ಸಣ್ಣ ಮಣಿ ಪೋಣಿಸಿದ ದಾರದಂತೆ ಇರುತ್ತದೆ. ಇಷ್ಟು ನೋಡಿದರೆ ಮಳೆಗಾಲದಲ್ಲಿ ಬಲ್ಬಿಗೆ ಬರುವ ಹುಳಗಳಲ್ಲಿ ಗೆದ್ದಲು ಯಾವುದು, ಇರುವೆ ಯಾವುದು ಎಂದು ಯಾವ ಮಗುವೂ ಹೇಳಬಹುದು. ನಮ್ಮ ಹುಳಕ್ಕೆ ಸೊಂಟದಲ್ಲಿ ಗಂಟಿತ್ತು. ಒಂದೇ ಗಂಟು, ತುಸು ದಪ್ಪನೆಯದು.

ಆಮೇಲೆ ತಲೆ. ಗಂಡಿರುವೆಯ ತಲೆ ನೋಡಿದರೆ ಆ ಜೀವದ ಬದುಕೇ ತಿಳಿಯುತ್ತದೆ. ದುಡಿಯುವ ಇರುವೆಗೆ ದೊಡ್ಡ ತಲೆ ಬೇಕು, ಏಕೆಂದರೆ ದವಡೆ ಆಡಿಸುವ ಸ್ನಾಯುಗಳೆಲ್ಲ ಅದರೊಳಗಿವೆ. ಕಾಳು ಹೊರುವುದು, ಮಣ್ಣು ಅಗೆಯುವುದು, ಮರಿ ಎತ್ತುವುದು, ಹೋರಾಡುವುದು ಎಲ್ಲ ದವಡೆಯಿಂದಲೇ. ಗಂಡಿಗೆ ಈ ಯಾವ ಕೆಲಸವೂ ಇಲ್ಲ. ಅದಕ್ಕೆ ಬೇಕಾದ್ದು ಕಣ್ಣು. ಆದ್ದರಿಂದ ತಲೆ ಚಿಕ್ಕದು, ಕಣ್ಣು ಮಾತ್ರ ಎರಡೂ ಬದಿ ಉಬ್ಬಿ ತಲೆಯ ಬಹುಪಾಲನ್ನು ತುಂಬಿರುತ್ತವೆ. ನೆತ್ತಿಯ ಮೇಲೆ ಇನ್ನೂ ಮೂರು ಪುಟ್ಟ ಕಣ್ಣು, ತ್ರಿಕೋನದಲ್ಲಿ, ಗಾಜಿನ ಹನಿಗಳಂತೆ. ಹುಡುಗಿ ಬೆಳಕು ವಾಲಿಸಿದಾಗ ಆ ಮೂರೂ ಮಿಂಚಿದವು. "ಐದು ಕಣ್ಣ ಅದಾವು ಕಾಕಾ!" ಅಂದಳು. ಹೌದು, ಐದು. ಹಾರುವಾಗ ಬೆಳಕು ಯಾವ ಕಡೆ ಇದೆ, ಮೈ ಯಾವ ಕಡೆ ವಾಲಿದೆ ಎಂದು ತಿಳಿಯಲು ಆ ಮೂರು ನೆರವಾಗುತ್ತವೆ.

ಮೀಸೆ ಎಣಿಸಿದೆವು. ಇದು ತಾಳ್ಮೆಯ ಕೆಲಸ. ಒಂದೊಂದು ಗೆಣ್ಣೂ ಕೂದಲೆಳೆಯಷ್ಟು, ಮೂರು ಸಲ ಎಣಿಸಿದರೆ ಮೂರು ಲೆಕ್ಕ ಬರುತ್ತದೆ. ಗುಂಡುಸೂಜಿಯ ತುದಿಯಿಂದ ಒಂದೊಂದೇ ಗೆಣ್ಣು ತೋರಿಸುತ್ತ ಹೋದೆ, ಅವಳು ಎಣಿಸಿದಳು. ಹದಿಮೂರು. ಬಹುಪಾಲು ಇರುವೆಗಳಲ್ಲಿ ಗಂಡಿಗೆ ಹೆಣ್ಣಿಗಿಂತ ಒಂದು ಗೆಣ್ಣು ಹೆಚ್ಚು. ಹೆಣ್ಣಿಗೆ ಹನ್ನೆರಡಿದ್ದರೆ ಗಂಡಿಗೆ ಹದಿಮೂರು.

ಕೊನೆಗೆ ಬಾಯಿ. ಇಲ್ಲಿ ಮಾತ್ರ ಈ ಹುಳ ಉಳಿದ ಗಂಡುಗಳ ಹಾಗಿಲ್ಲ. ಸಾಮಾನ್ಯವಾಗಿ ಗಂಡಿರುವೆಯ ದವಡೆ ಹೆಸರಿಗಷ್ಟೇ ಇರುವ ಪುಟ್ಟ ಕಡ್ಡಿ. ಇದಕ್ಕೋ ಎರಡು ಕುಡುಗೋಲು! ಉದ್ದ, ತೆಳು, ಬಾಗಿದ ದವಡೆಗಳು ಒಂದರ ಮೇಲೊಂದು ಹಾಯ್ದು ಮಲಗಿದ್ದವು. ಕಡುಬಿನಂಥ ಹೊಟ್ಟೆ, ಮಖಮಲ್ಲಿನ ಕೂದಲು, ಕುಡುಗೋಲಿನ ದವಡೆ, ಗಿಡ್ಡ ಚಪ್ಪಟೆ ತೊಡೆಗಳು, ಒಂದೇ ಗಂಟಿನ ಸೊಂಟ: ಇಷ್ಟೂ ಒಂದೇ ಮೈಯಲ್ಲಿ ಕೂಡಿದರೆ ಅದು ಡೋರಿಲಸ್ ಕುಲದ ಗಂಡು. ಸಂಶಯಕ್ಕೆ ಜಾಗವಿಲ್ಲ.

ಕುಟುಕುವ ಮುಳ್ಳು ಏಕಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಇರುವೆ, ಜೇನು, ಕಣಜ ಯಾವುದರದೇ ಆಗಲಿ, ಮುಳ್ಳು ಎಂದರೆ ಮೊಟ್ಟೆ ಇಡುವ ಅಂಗ ಮಾರ್ಪಟ್ಟು ಆದ ಆಯುಧ. ಮೊಟ್ಟೆ ಇಡದ ಗಂಡಿಗೆ ಅದು ಎಲ್ಲಿಂದ ಬರಬೇಕು? ಹೊಟ್ಟೆಯ ತುದಿ ಒತ್ತುವುದು ಬರೀ ಬೆದರಿಕೆ. ಇದನ್ನು ತಿಳಿದ ಮೇಲೆ ಹುಡುಗಿ ತಾನೇ ಅದನ್ನು ಅಂಗೈ ಮೇಲೆ ಇಟ್ಟುಕೊಂಡಳು.

"ಹಂಗಾರ ಇದರ ಹೆಣ್ಣು ಎಷ್ಟ ದೊಡ್ಡದಿರಬೇಕು?" ದೊಡ್ಡಪ್ಪ ಕೇಳಿದರು. ಹೋರಿ ನೋಡಿ ಆಕಳ ಅಳತೆ ಮಾಡುವ ರೈತನ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಹುಡುಕಲು ವಿದ್ವಾಂಸರಿಗೇ ನೂರು ವರ್ಷದ ಮೇಲೆ ಹಿಡಿಯಿತು. ಡೋರಿಲಸ್ ಕುಲದ ದುಡಿಯುವ ಇರುವೆಗಳು ಹೆಚ್ಚಾಗಿ ನೆಲದೊಳಗೇ ಬದುಕುತ್ತವೆ. ಅವಕ್ಕೆ ಕಣ್ಣೇ ಇಲ್ಲ, ರೆಕ್ಕೆಯಂತೂ ಇಲ್ಲ. ಹಳದಿಗೆಂಪು ಬಣ್ಣದ ಪುಟ್ಟ ಹುಳಗಳು, ಈ ಗಂಡಿನ ಪಕ್ಕದಲ್ಲಿಟ್ಟರೆ ಆನೆ ಪಕ್ಕದ ಕುರಿ. ರಾಣಿ ಇನ್ನೊಂದು ವಿಚಿತ್ರ: ದೊಡ್ಡ ಮೈ, ಅದಕ್ಕೂ ಕಣ್ಣಿಲ್ಲ, ರೆಕ್ಕೆ ಎಂದೂ ಹುಟ್ಟುವುದಿಲ್ಲ, ಗೂಡು ಬಿಟ್ಟು ಹಾರುವುದೇ ಇಲ್ಲ. ಮೂರನ್ನೂ ಒಟ್ಟಿಗೆ ಕಂಡವರಿಲ್ಲದ್ದರಿಂದ ಒಬ್ಬರು ಗಂಡಿಗೆ ಒಂದು ಕುಲದ ಹೆಸರಿಟ್ಟರು, ಮತ್ತೊಬ್ಬರು ಕಣ್ಣಿಲ್ಲದ ದುಡಿಮೆಗಾರರಿಗೆ ಬೇರೆ ಕುಲ ಕಟ್ಟಿದರು, 1863ರಲ್ಲಿ ರಾಣಿಗೆ ಮೂರನೆಯ ಕುಲವೇ ಹುಟ್ಟಿತು. ಒಂದೇ ಮನೆಯ ತಾಯಿ, ಮಗ, ಮಗಳಿಗೆ ಮೂರು ಅಡ್ಡಹೆಸರು! ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ಪಾದ್ರಿಯೂ ವೈದ್ಯನೂ ಆಗಿದ್ದ ಥಾಮಸ್ ಸ್ಯಾವೇಜ್, ಇರುವೆಗಳ ದಂಡು ರೆಕ್ಕೆ ಕಳೆದುಕೊಂಡ ಇಂಥ ಗಂಡನ್ನು ತಮ್ಮ ಸಾಲಿನಲ್ಲಿ ಎಳೆದುಕೊಂಡು ಹೋಗುವುದನ್ನು ಕಂಡು 1849ರಲ್ಲಿ ಬರೆದ. ಗೊರಿಲ್ಲಾವನ್ನು ವಿಜ್ಞಾನಕ್ಕೆ ಪರಿಚಯಿಸಿದವರಲ್ಲಿ ಒಬ್ಬನೂ ಈ ಸ್ಯಾವೇಜ್‌ನೇ. ನನಗೆ ಅವನ ಗೊರಿಲ್ಲಾಕ್ಕಿಂತ ಈ ಇರುವೆ ದೊಡ್ಡ ಸಂಗತಿ ಅನ್ನಿಸುತ್ತದೆ. ಗೊರಿಲ್ಲಾ ಎದುರಿಗೆ ಬಂದರೆ ಯಾರಿಗೂ ಕಾಣುತ್ತದೆ. ಕಾಲಡಿಯ ಸಾಲಿನಲ್ಲಿ ಒಂದು ಸಂಬಂಧವನ್ನು ಕಾಣಲು ಬಗ್ಗಿ ಕೂಡಬೇಕು.

ನಮ್ಮ ನಾಡಿನ ಡೋರಿಲಸ್‌ಗಳ ಹೆಸರೂ ಗಂಡಿನಿಂದಲೇ ಬಂದವು. ಡೋರಿಲಸ್ ಓರಿಯೆಂಟಾಲಿಸ್‌ಗೆ ವೆಸ್ಟ್‌ವುಡ್ 1835ರಲ್ಲಿ, ಡೋರಿಲಸ್ ಲೇಬಿಯೇಟಸ್‌ಗೆ ಶುಕಾರ್ಡ್ 1840ರಲ್ಲಿ ಹೆಸರಿಟ್ಟಿದ್ದು ಭಾರತದಿಂದ ಹೋದ ಗಂಡುಗಳನ್ನು ನೋಡಿಯೇ. ದೀಪಕ್ಕೆ ಬಂದು ಬೀಳುವುದು ಗಂಡು, ಸಂಗ್ರಹಕಾರನ ಕೈಗೆ ಸಿಗುವುದೂ ಅದೇ.

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳುತ್ತಿದ್ದಾಗ ಅವರು ಒಂದು ಮಾತಿಗೆ ತಡೆದರು. "ಕಣ್ಣಿಲ್ಲದ ಕೆಂಪಿರುವಿ ಅಂದಿ. ಶೇಂಗಾ ಕಿತ್ತಾಗ ಕಾಯಿಗೆ ತೂತು ಬಿದ್ದಿರತೈತಲ್ಲ, ಒಳಗ ಬೀಜ ಇರಂಗಿಲ್ಲ, ಮಣ್ಣು ತುಂಬಿರತೈತಿ, ಬುಡದಾಗ ಸಣ್ಣ ಕೆಂಪಿರುವಿ ಪಿತಿಪಿತಿ ಅಂತಿರತಾವು. ಅವೇನು?"

ಬಹಳ ಮಟ್ಟಿಗೆ ಅವೇ ಇರಬೇಕು. ಓರಿಯೆಂಟಾಲಿಸ್ ಜಾತಿ ಶೇಂಗಾ ಕಾಯಿ, ಬಟಾಟೆ ಗಡ್ಡೆ, ಬೇರು ಕೊರೆಯುವುದಕ್ಕೆ ಹೆಸರಾದದ್ದು. ಮಾಂಸ ತಿನ್ನುವ ಈ ಬಳಗದಲ್ಲಿ ಬೆಳೆಗೆ ಬಾಯಿ ಹಾಕುವ ಇಂಥದ್ದು ಅಪರೂಪ. ಮಸಾರಿ ಹೊಲದಲ್ಲಿ ವರ್ಷವರ್ಷವೂ ಆ ಕೆಂಪಿರುವೆಯನ್ನು ಕಂಡು ಬೈದುಕೊಂಡವರು ದೊಡ್ಡಪ್ಪ. ಕಟ್ಟೆಯ ಮೇಲೆ ವರ್ಷವರ್ಷವೂ ಈ ಮಳೆಹುಳವನ್ನು ಕಸಬರಿಗೆಯಿಂದ ಗುಡಿಸಿದವಳು ದೊಡ್ಡವ್ವ. ಎರಡೂ ಒಂದೇ ಬಳಗ ಎಂದು ಇಬ್ಬರೂ ಅಂದುಕೊಂಡಿರಲಿಲ್ಲ. ಇಬ್ಬರೂ ಆ ರಾತ್ರಿ ಭೂತಗನ್ನಡಿಯಲ್ಲಿ ಸರದಿಯಂತೆ ನೋಡಿದರು.

ಇನ್ನು ಒಂದು ಹೆಜ್ಜೆ ಉಳಿದಿತ್ತು. ಕುಲ ತಿಳಿಯಿತು, ಜಾತಿ ಯಾವುದು? ಓರಿಯೆಂಟಾಲಿಸೋ, ಲೇಬಿಯೇಟಸೋ? ಇಲ್ಲಿ ಹತ್ತು ಪಟ್ಟಿನ ಗಾಜು ಸಾಲದು. ಗಂಡಿರುವೆಯ ಜಾತಿಯನ್ನು ಗಟ್ಟಿಯಾಗಿ ಹೇಳುವ ಗುರುತುಗಳಲ್ಲಿ ಮುಖ್ಯವಾದದ್ದು ಹೊಟ್ಟೆಯ ತುದಿಯೊಳಗಿನ ಜನನಾಂಗದ ರಚನೆ. ಪ್ರತಿ ಜಾತಿಗೂ ಅದರ ಕೊಕ್ಕೆ, ಫಲಕಗಳ ಆಕಾರ ಬೇರೆ. ಡೋರಿಲಸ್‌ನಲ್ಲಿ ಅದು ಪೂರ್ತಿ ಒಳಕ್ಕೆ ಸರಿದುಕೊಂಡಿರುತ್ತದೆ, ಸೂಕ್ಷ್ಮದರ್ಶಕದ ಕೆಳಗೆ ಬಿಚ್ಚಿಯೇ ನೋಡಬೇಕು. ಕಟ್ಟೆಯ ಮೇಲೆ ಕೂತು ಮಾಡುವ ಕೆಲಸವಲ್ಲ. ಕುಲಕ್ಕೆ ನಿಲ್ಲಿಸುವುದೇ ಪ್ರಾಮಾಣಿಕತೆ. ಫೋಟೋ ನೋಡಿದೊಡನೆ ಪೂರಾ ಹೆಸರು ಹೇಳಿಬಿಡುವ ಅವಸರ ಈಗ ಹೆಚ್ಚಾಗಿದೆ, ಅದರಿಂದ ತಪ್ಪು ಹೆಸರುಗಳೇ ಊರೂರಿಗೆ ಹಬ್ಬುತ್ತವೆ.

ಗಂಡಿರುವೆಗಳ ವಿಷಯದಲ್ಲಿ ಪುಸ್ತಕಗಳೂ ಹೆಚ್ಚು ನೆರವಿಗೆ ಬರುವುದಿಲ್ಲ. ಬರ್ಮಾದ ಅರಣ್ಯ ಇಲಾಖೆಯಲ್ಲಿ ದುಡಿದ ಸೇನಾಧಿಕಾರಿ ಬಿಂಗ್‌ಹ್ಯಾಮ್ 1903ರಲ್ಲಿ ಬರೆದ ಭಾರತದ ಇರುವೆಗಳ ಸಂಪುಟ ಇಂದಿಗೂ ಕೈಪಿಡಿಯೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಮುಸ್ತಾಕ್ ಅಲಿ ಅವರು 1990ರ ದಶಕದ ಆರಂಭದಲ್ಲಿ ಕರ್ನಾಟಕದ ಇರುವೆಗಳ ಪಟ್ಟಿ ಮಾಡಿದರು. ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ 2006ರಲ್ಲಿ ಪರ್ಯಾಯ ದ್ವೀಪ ಭಾರತದ ಇರುವೆಗಳ ಒಂದು ಒಳ್ಳೆಯ ಕೈಪಿಡಿ ತಂದರು. 2016ರ ಒಂದು ಪಟ್ಟಿ ಭಾರತದಲ್ಲಿ 100 ಕುಲ, 828 ಜಾತಿ-ಉಪಜಾತಿಗಳನ್ನು ಎಣಿಸಿತು. ಇಷ್ಟೆಲ್ಲ ಆದರೂ ಇರುವೆ ಗುರುತಿಸುವ ಕೀಲಿಗಳು ಹೆಚ್ಚಾಗಿ ದುಡಿಯುವ ಹೆಣ್ಣುಗಳನ್ನು ನೋಡಿ ಬರೆದವು. ಅದು ಸಹಜವೂ ಹೌದು. ದುಡಿಯುವವು ವರ್ಷವಿಡೀ ಸಿಗುತ್ತವೆ, ಗಂಡು ವರ್ಷಕ್ಕೆ ಕೆಲವೇ ದಿನ. ಇಡೀ ಜಗತ್ತಿನ ಗಂಡಿರುವೆಗಳನ್ನು ಉಪಕುಟುಂಬದ ಮಟ್ಟಕ್ಕೆ ವಿಂಗಡಿಸುವ ಮೊದಲ ಕೀಲಿ ಬಂದದ್ದು 2015ರಲ್ಲಿ, ಬ್ರೆಂಡನ್ ಬೂಡಿನೋ ಎಂಬ ಯುವ ವಿಜ್ಞಾನಿಯಿಂದ. ಲಿನೇಯಸ್ ಆ ಗಂಡಿರುವೆಗೆ ಕಣಜದ ಹೆಸರಿಟ್ಟು ಇನ್ನೂರೈವತ್ತು ವರ್ಷ ಕಳೆದ ಮೇಲೆ.

ಒಂದು ತೊಡಕು ಮೂಲದಲ್ಲೇ ಇದೆ. ಎಲ್ಲ ಇರುವೆಗಳನ್ನೂ ಉಳಿದ ಕೀಟಗಳಿಂದ ಬೇರ್ಪಡಿಸುವ ದೊಡ್ಡ ಗುರುತು ಎಂದು ಪಠ್ಯಗಳು ಹೇಳುವುದು ಎದೆಯ ಹಿಂಬದಿಯ ಒಂದು ಪುಟ್ಟ ಗ್ರಂಥಿಯನ್ನು. ಸೋಂಕು ತಡೆಯುವ ರಸ ಸುರಿಸುವ ಗ್ರಂಥಿ ಅದು. ಎಷ್ಟೋ ಜಾತಿಗಳ ಗಂಡುಗಳಲ್ಲಿ ಅದೇ ಇರುವುದಿಲ್ಲ. ಬಾಗಿದ ಮೊಣಕೈಯಂಥ ಮೀಸೆ ಇರುವೆಯ ಲಕ್ಷಣ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಎಷ್ಟೋ ಜಾತಿಗಳ ಗಂಡಿನಲ್ಲಿ ಮೀಸೆಯ ಮೊದಲ ಗೆಣ್ಣು ಗಿಡ್ಡ, ಬಾಗು ಕಾಣುವುದೇ ಕಷ್ಟ. ಅಂದರೆ ಇರುವೆ ಎಂದು ನಾವು ಯಾವುದನ್ನು ಕಲಿತಿದ್ದೇವೋ ಅದು ಹೆಣ್ಣಿರುವೆಯ ಚಿತ್ರ.

ಮರುದಿನ ಸಂಜೆ ಇನ್ನೊಂದು ಬಾಗಿಲು ತೆರೆಯಿತು. ಹಿತ್ತಿಲ ಬೇವಿನ ಗಿಡದ ಬುಡದಲ್ಲಿ ಗೊದ್ದಗಳ ಗೂಡಿದೆ. ಕಪ್ಪಗೆ ಮಿಂಚುವ ದೊಡ್ಡ ಕಟ್ಟಿರುವೆ. ಕ್ಯಾಂಪೊನೋಟಸ್ ಕಂಪ್ರೆಸಸ್ ಎಂಬ ಅದರ ಹೆಸರಿನಲ್ಲಿ ಜಾತಿಯನ್ನು ಹೇಳುವ ಎರಡನೆಯ ಭಾಗ 1787ರಷ್ಟು ಹಿಂದೆಯೇ ಫ್ಯಾಬ್ರಿಷಿಯಸ್ ಕೊಟ್ಟದ್ದು. ದೊಡ್ಡವ್ವ ಆ ಗೂಡಿನ ಬಾಯಿಗೆ ಆಗಾಗ ಒಂದು ಚಿಟಿಕೆ ಸಕ್ಕರೆ, ಒಂದಿಷ್ಟು ರೊಟ್ಟಿ ಹಿಟ್ಟು ಹಾಕುತ್ತಾಳೆ. ಬೇಲಿಯ ಜಾಲಿಗಿಡದ ಮೇಲೆ ಮುಳ್ಳಿನಂತೆ ಅಂಟಿ ಕೂರುವ ಪುಟ್ಟ ಹುಳಗಳಿವೆಯಲ್ಲ, ಅವನ್ನು ಈ ಗೊದ್ದಗಳು ದನ ಕಾಯ್ದ ಹಾಗೆ ಕಾಯುತ್ತವೆ, ಮೀಸೆಯಿಂದ ಸವರಿ ಸಿಹಿ ಹನಿ ಕರೆದುಕೊಳ್ಳುತ್ತವೆ.

ಅವತ್ತು ಗೂಡಿನ ಬಾಯಲ್ಲಿ ಗದ್ದಲ. ದೊಡ್ಡ ತಲೆಯ ಗೊದ್ದಗಳು ಹೊರಗೆ ಬಂದು ಸುತ್ತ ನಿಂತಿದ್ದವು. ಬಾಯಿಯೊಳಗಿಂದ ಸಪೂರ ಕರಿ ಹುಳಗಳು, ಮಡಿಸಿದ ರೆಕ್ಕೆಗಳು, ಸಣ್ಣ ತಲೆ, ಒಂದು ಸೆಂಟಿಮೀಟರಿನ ಆಸುಪಾಸಿನವು, ಇಣುಕುವುದು, ಒಳಗೆ ಸರಿಯುವುದು, ಮತ್ತೆ ಇಣುಕುವುದು ಮಾಡುತ್ತಿದ್ದವು. ತುಸು ಹೊರಗೆ ಬಂದ ಒಂದನ್ನು ದೊಡ್ಡ ಗೊದ್ದವೊಂದು ದವಡೆಯಲ್ಲಿ ಹಿಡಿದು ಒಳಗೆ ಎಳೆದುಕೊಂಡಿತು. ಹಾರುವ ಹೊತ್ತು ಇನ್ನೂ ಬಂದಿರಲಿಲ್ಲ. ಅವುಗಳ ನಡುವೆ ಒಂದೆರಡು ದಪ್ಪ ಎದೆಯ, ಗಂಡಿಗಿಂತ ತುಂಬ ದೊಡ್ಡ ರೆಕ್ಕೆಯಿರುವೆಗಳೂ ಇದ್ದವು. ಅವು ರಾಣಿಯಾಗಲಿರುವ ಹೆಣ್ಣುಗಳು.

ಇಲ್ಲಿ ಗಂಡನ್ನು ಗುರುತಿಸಲು ನಿಮಿಷ ಸಾಕಾಯಿತು. ಒಂದನ್ನು ಹಿಡಿದು ನೋಡಿದೆವು. ಮೀಸೆಗೆ ಹದಿಮೂರು ಗೆಣ್ಣು. ಅದರ ಪಕ್ಕದ ಗೊದ್ದಕ್ಕೆ ಹನ್ನೆರಡು. ಸೊಂಟಕ್ಕೆ ಒಂದೇ ಗಂಟು. ದವಡೆ ಪುಟ್ಟದು. ರೆಕ್ಕೆಯನ್ನು ಬೆಳಕಿಗೆ ಹಿಡಿದಾಗ ನರಗಳು ಹೆಣೆದ ಕೋಣೆಗಳು ಕಂಡವು. ಬೇರೆ ಎಷ್ಟೋ ಇರುವೆಗಳ ಮುಂದಿನ ರೆಕ್ಕೆಯ ನಡುವೆ ಇರುವ ಒಂದು ಮುಚ್ಚಿದ ಕೋಣೆ ಕ್ಯಾಂಪೊನೋಟಸ್‌ನಲ್ಲಿ ಇರುವುದಿಲ್ಲ, ಇದರಲ್ಲೂ ಇರಲಿಲ್ಲ. ಆದರೆ ನಿಜ ಹೇಳಬೇಕೆಂದರೆ ಜಾತಿಯನ್ನು ಖಚಿತವಾಗಿ ಹೇಳಿದ್ದು ರೆಕ್ಕೆಯೂ ಅಲ್ಲ, ಮೀಸೆಯೂ ಅಲ್ಲ. ಅದು ಹೊರಬಂದ ಬಾಗಿಲು. ತನ್ನ ಅಕ್ಕತಂಗಿಯರ ನಡುವೆ ನಿಂತಿತ್ತು, ಅವರನ್ನು ನಾವು ಬಲ್ಲೆವು, ಆದ್ದರಿಂದ ಅದನ್ನೂ ಬಲ್ಲೆವು. ಹಿಂದಿನ ರಾತ್ರಿ ಬಲ್ಬಿಗೆ ಬಂದ ಹುಳಕ್ಕೆ ಇಲ್ಲದ್ದು ಇದೇ. ಅದು ಕತ್ತಲಿನಿಂದ ಬಂತು, ಯಾವ ಹೊಲದ ಯಾವ ಬಿಲದಿಂದ ಎಂದು ಹೇಳುವವರಿಲ್ಲ. ಹಳ್ಳಿಗೆ ಹೊಸಬ ಬಂದರೆ ಮೊದಲು ಕೇಳುವುದು "ಯಾರ ಪೈಕಿ?" ಎಂದು. ಗಂಡಿರುವೆಯ ಜಾತಿ ಹಿಡಿಯುವವರೂ ಕೇಳುವುದು ಅದನ್ನೇ.

ಯಾರ ಪೈಕಿ ಎಂದು ಕೇಳಿದರೆ ಗಂಡಿರುವೆ ತಾಯಿಯ ಹೆಸರನ್ನಷ್ಟೇ ಹೇಳಬೇಕು. ರಾಣಿ ಇಡುವ ಮೊಟ್ಟೆಗಳಲ್ಲಿ ವೀರ್ಯ ಕೂಡಿದವು ಹೆಣ್ಣಾಗುತ್ತವೆ, ಕೂಡದವು ಗಂಡಾಗುತ್ತವೆ. ಹಾಗಾಗಿ ಗಂಡಿಗೆ ತಂದೆಯಿಲ್ಲ, ಅಜ್ಜನಿದ್ದಾನೆ. ಮೈಯಲ್ಲಿರುವ ವರ್ಣತಂತುಗಳೂ ಹೆಣ್ಣಿನ ಅರ್ಧದಷ್ಟು. ಆಸ್ಟ್ರೇಲಿಯಾದಲ್ಲಿ ಒಂದು ಇರುವೆಯಿದೆ, ಅದರ ಹೆಣ್ಣಿಗೆ ಇರುವುದೇ ಎರಡು ವರ್ಣತಂತು, ಗಂಡಿಗೆ ಒಂದೇ ಒಂದು. ಒಂದರ ಮೇಲೆ ಒಂದು ಜೀವ ನಿಂತಿದೆ ಎಂದು 1986ರಲ್ಲಿ ತಿಳಿದಾಗ ಜೀವವಿಜ್ಞಾನಿಗಳೇ ಬೆರಗಾದರು.

ದೊಡ್ಡವ್ವ ಇದನ್ನು ಕೇಳಿಸಿಕೊಂಡು ಬೇರೆಯದೇ ಮಾತು ಆಡಿದಳು. "ಸಾವು ಬಂದಾಗ ಇರುವಿಗೆ ರೆಕ್ಕಿ ಬರತಾವಂತ ನಮ್ಮವ್ವ ಅಂತಿದ್ಲು." ಗಂಡಿರುವೆಯ ಮಟ್ಟಿಗೆ ಆ ಮಾತು ಅಕ್ಷರಶಃ ಸತ್ಯ. ಹಾರಿದ ಮೇಲೆ ಅದು ಬಹಳ ದಿನ ಬದುಕುವುದಿಲ್ಲ. ಹೆಣ್ಣು ಸಿಗಲಿ ಸಿಗದಿರಲಿ, ಗೂಡಿಗೆ ಮರಳುವ ದಾರಿಯಿಲ್ಲ. ಆದರೆ ಹೆಣ್ಣಿಗೆ ಸಿಕ್ಕ ಗಂಡಿನ ಪಾಲು ಸಾಯುವುದಿಲ್ಲ. ಅದು ಕೊಟ್ಟ ವೀರ್ಯವನ್ನು ರಾಣಿ ತನ್ನ ಮೈಯೊಳಗಿನ ಚೀಲದಲ್ಲಿ ವರ್ಷಗಟ್ಟಲೆ ಇಟ್ಟುಕೊಂಡು, ಬೇಕೆಂದಾಗ ಬೇಕಾದಷ್ಟು ಬಳಸುತ್ತದೆ. ಯುರೋಪಿನ ಒಂದು ಕರಿಯಿರುವೆಯ ರಾಣಿಯನ್ನು ಸಾಕಿದಾಗ ಅದು 28 ವರ್ಷಕ್ಕೂ ಹೆಚ್ಚು ಕಾಲ ಬದುಕಿತ್ತು. ಕೆಲವೇ ದಿನ ಹಾರಿದ ಗಂಡುಗಳ ಸಂತಾನ ಅವು ಸತ್ತು ಎಷ್ಟೋ ವರ್ಷಗಳಾದ ಮೇಲೂ ಹುಟ್ಟುತ್ತಿರುತ್ತದೆ.

ಡೋರಿಲಸ್‌ನ ಗಂಡಿಗಂತೂ ಹಾರಿ ಬರುವ ಹೆಣ್ಣೇ ಇಲ್ಲ. ಅದು ನೆಲಕ್ಕಿಳಿದು ಬೇರೊಂದು ಗೂಡಿನ ದುಡಿಮೆಗಾರರ ಸಾಲನ್ನು ಹುಡುಕಬೇಕು. ಕಣ್ಣಿಲ್ಲದ ಆ ಸಾವಿರಾರು ಹೆಣ್ಣುಗಳು ಅದನ್ನು ಮುತ್ತಿ, ರೆಕ್ಕೆ ಕಿತ್ತು, ಎಳೆದುಕೊಂಡು ರಾಣಿಯ ಹತ್ತಿರ ಒಯ್ಯಬೇಕು. ನಮ್ಮ ಬಲ್ಬು ಇಲ್ಲದಿದ್ದರೆ ಅದು ಆ ರಾತ್ರಿ ಮಸಾರಿಯ ಯಾವುದೋ ಮೂಲೆಯಲ್ಲಿ ಆ ಸಾಲನ್ನು ಹುಡುಕುತ್ತಿತ್ತು. ಹುಡುಗಿ ಇದನ್ನು ಕೇಳಿ, ನೋಡಿ ಮುಗಿದಿದ್ದರೆ ಅದನ್ನು ಬಿಟ್ಟುಬಿಡೋಣ ಅಂದಿದ್ದಳು. ಅದು ಮೈ ಬೆಚ್ಚಗಾಗಿ ಚೇತರಿಸಿಕೊಳ್ಳುತ್ತಿದ್ದಂತೆ ಬಲ್ಬು ಆರಿಸಿ, ಹಿತ್ತಿಲ ಕಲ್ಲಿನ ಮೇಲೆ ಬಿಟ್ಟೆವು. ಸ್ವಲ್ಪ ಹೊತ್ತು ಮೈ ನಡುಗಿಸಿ, ಗುಂಯ್ ಎಂದು ಎದ್ದು, ಹೊಲದ ಕಡೆ ಹೋಯಿತು.

ಗೊದ್ದದ ಗಂಡನ್ನು ಮಾತ್ರ ಉಳಿಸಿಕೊಂಡೆ. ಒಂದು ಪುಟ್ಟ ಸೀಸೆಯಲ್ಲಿ ಸ್ಪಿರಿಟ್ಟು, ಅದರೊಳಗೆ ಆ ಗಂಡು, ಜೊತೆಗೆ ಅದೇ ಗೂಡಿನ ಎರಡು ದುಡಿಯುವ ಗೊದ್ದ. ಒಂದು ಚೂರು ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು ಅದನ್ನೂ ಸೀಸೆಯೊಳಗೇ ಹಾಕಿದೆ. ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗಿ ಹೋಗುತ್ತದೆ, ಪೆನ್ಸಿಲಿನ ಗೆರೆ ನೂರು ವರ್ಷ ನಿಲ್ಲುತ್ತದೆ. ಮಂಗಳೂರು, ಕುಕನೂರು ತಾಲೂಕು, ಬೇವಿನ ಬುಡ, ಮಿರಗದ ಮಳೆಯ ಮರುದಿನ ಸಂಜೆ, ಹಾರುವ ಮುನ್ನ ಎಂದು ಹುಡುಗಿಯೇ ಬರೆದಳು.

ನಿಮ್ಮ ಊರಿನಲ್ಲೂ ಬರುವ ಮಿರಗದಲ್ಲಿ ಯಾವುದೋ ಬಿಲದಿಂದ ರೆಕ್ಕೆಯಿರುವೆ ಹೊರಡುತ್ತವೆ. ಆಗ ಗಂಡೊಂದನ್ನು ಮಾತ್ರ ಹಿಡಿಯಬೇಡಿ, ಅದರ ಜೊತೆ ಅದೇ ಬಿಲದ ಎರಡು ದುಡಿಯುವ ಇರುವೆಗಳನ್ನೂ ಒಂದೇ ಸೀಸೆಗೆ ಹಾಕಿ. ಊರು, ತಾರೀಖು, ಹೊತ್ತು ಪೆನ್ಸಿಲಿನಿಂದ ಬರೆದು, ಹತ್ತಿರದ ಕೃಷಿ ಕಾಲೇಜಿನ ಕೀಟಶಾಸ್ತ್ರದವರಿಗೆ ಮುಟ್ಟಿಸಿ.